‘ಹೊಡಿಬಡಿ’ ಎಂದರೆ ಹ್ಯಾಂಕ್ ಆರನ್‌ಗೆ ಒಪ್ಪುತ್ತದೆಯೇ?

ಎಲ್ಲರಿಗೂ ನಮಸ್ಕಾರ.

ಅಮೆರಿಕದ ಬೇಸ್‌ಬಾಲ್ ಆಟಗಾರ ಹ್ಯಾಂಕ್ ಆರನ್ ಕುರಿತು ಮಕ್ಕಳಿಗಾಗಿ ಒಂದು ಲೇಖನ ಬರೆಯುತ್ತಿದ್ದೇನೆ. ‘ಸ್ಲಗ್ಗರ್’ (ಚೆಂಡನ್ನು ಬಲವಾಗಿ ದೂರಕ್ಕೆ ಬಾರಿಸುವವನು) ಎಂಬುದಕ್ಕೆ ನಮ್ಮ ಕ್ರೀಡಾಪುಟಗಳ ‘ಹೊಡಿಬಡಿ ಆಟಗಾರ’ ತಟ್ಟನೆ ನೆನಪಾಗುತ್ತದೆ. ಆದರೆ ಆ ಮಾತಿನಲ್ಲಿ ಅಬ್ಬರಿಸಿ ಬೇಗ ಔಟಾಗುವವನ ಚಿತ್ರವಿದೆ. ಆರನ್ ಆಡಿದ್ದು 1954ರಿಂದ 1976ರವರೆಗೆ, ಮಿಲ್ವಾಕಿ ಮತ್ತು ಅಟ್ಲಾಂಟಾ ನಗರಗಳಲ್ಲಿ. ಯಾವ ವರ್ಷವೂ ಅವರು 50 ಹೋಮ್ ರನ್ (ಸಾಮಾನ್ಯವಾಗಿ ಚೆಂಡನ್ನು ಮೈದಾನದ ಬೇಲಿಯಾಚೆ ಕಳಿಸಿ, ಓಟದ ದಾರಿಯ ನಿಲ್ದಾಣಗಳಾದ ಬೇಸ್‌ಗಳನ್ನೆಲ್ಲ ಸುತ್ತಿ ಬರುವ ಹೊಡೆತ) ಹೊಡೆಯಲಿಲ್ಲ. 1971ರ 47 ಅವರ ಗರಿಷ್ಠ. ಆದರೂ ಒಟ್ಟು 755! ಅಷ್ಟನ್ನೂ ಕಳೆದರೂ ಅವರ ಲೆಕ್ಕದಲ್ಲಿ 3,000ಕ್ಕೂ ಹೆಚ್ಚು ಹಿಟ್‌ಗಳು (ಹೊಡೆದವನನ್ನು ಬೇಸ್ ತಲುಪಿಸಿದ ಹೊಡೆತಗಳು) ಉಳಿಯುತ್ತವೆ. ಮಣಿಕಟ್ಟಿನ ಚುರುಕೇ ಅವರ ಬಲ. ಸದ್ಯಕ್ಕೆ ‘ಬಿರುಹೊಡೆತಗಾರ’ ಎಂದು ಬರೆದುಕೊಂಡಿದ್ದೇನೆ. ಕಿವಿಗೆ ಹೇಗಿದೆ, ಹೇಳಿ.

‘ಹೋಮ್ ರನ್’ ಅನ್ನು ಹಾಗೇ ಉಳಿಸಿಕೊಳ್ಳುತ್ತೇನೆ. ‘ಸಿಕ್ಸರ್’ ಎಂದು ಬರೆದರೆ ಮಕ್ಕಳು ಪ್ರತಿ ಸಲವೂ ಅಷ್ಟೇ ರನ್ ಬರುತ್ತದೆಂದು ತಿಳಿಯುತ್ತಾರೆ. ಇಲ್ಲಿ ಬೇಸ್‌ಗಳ ಮೇಲೆ ಯಾರೂ ಇಲ್ಲದಿದ್ದರೆ ಒಂದೇ ರನ್. ಮೂರರಲ್ಲೂ ಆಟಗಾರರು ನಿಂತಿದ್ದರೆ ನಾಲ್ಕು. 1974ರ ಏಪ್ರಿಲ್ 8ರಂದು ಆರನ್ ತಮ್ಮ 715ನೆಯ ಹೋಮ್ ರನ್ ಹೊಡೆದು ಹಿಂದಿನ ತಲೆಮಾರಿನ ಬಿಳಿಯ ಆಟಗಾರ ಬೇಬ್ ರೂತ್ ಅವರ 714ರ ದಾಖಲೆಯನ್ನು ದಾಟಿದರು. ಆಗ ಬೇಸ್ ಮೇಲೆ ಒಬ್ಬ ಜೊತೆಗಾರನಿದ್ದ, ಹಾಗಾಗಿ ತಂಡಕ್ಕೆ ಎರಡು ರನ್. ಕಪ್ಪು ಆಟಗಾರನೊಬ್ಬ ರೂತ್ ಅವರನ್ನು ಮೀರಬಾರದೆಂದು ಅದಕ್ಕೂ ಮುಂಚಿನ ತಿಂಗಳುಗಳಲ್ಲಿ ಅವರಿಗೆ ಕೊಲೆ ಬೆದರಿಕೆಯ ಪತ್ರಗಳು ಬರುತ್ತಿದ್ದವು. ಲೇಖನದಲ್ಲಿ ಇದನ್ನು ಮೆಲುದನಿಯಲ್ಲಿ ಹೇಳಿ ಮುಗಿಸಲು ನನಗೆ ಮನಸ್ಸಿಲ್ಲ.

ನಿಜವಾಗಿ ತೊಡಕಾಗಿರುವುದು ‘ಆರ್‌ಬಿಐ’ (ರನ್ಸ್ ಬ್ಯಾಟೆಡ್ ಇನ್). ಕನ್ನಡ ಓದುಗರಿಗೆ ಅದು ರಿಸರ್ವ್ ಬ್ಯಾಂಕ್! ಬೇಸ್‌ಬಾಲ್‌ನಲ್ಲಿ ಒಬ್ಬನ ಬ್ಯಾಟಿಂಗ್‌ನಿಂದಾಗಿ ತಂಡಕ್ಕೆ ದಕ್ಕಿದ ರನ್‌ಗಳ ಲೆಕ್ಕ ಅದು, ಓಡಿ ಬಂದವರು ಬೇರೆಯವರಾದರೂ ಸರಿ. ಮೇಲೆ ಹೇಳಿದ ಎರಡೂ ರನ್ ಆರನ್ ಹೆಸರಿಗೇ ಸೇರಿದವು. ಅವರ ಒಟ್ಟು 2,297 ಇಂದಿಗೂ ಅಲ್ಲಿನ ಮೇಜರ್ ಲೀಗ್‌ನ ದಾಖಲೆ. ‘ಹೊಡೆದು ತಂದ ರನ್’ ಎನ್ನೋಣವೆಂದರೆ, ಬೇಸ್‌ಗಳೆಲ್ಲ ತುಂಬಿದ್ದಾಗ ನಾಲ್ಕು ಕೆಟ್ಟ ಎಸೆತಗಳನ್ನು ಬಿಟ್ಟು ನಿಂತವನಿಗೂ ಒಂದು ಸಿಗುತ್ತದೆ: ಅವನು ಮೊದಲ ಬೇಸ್‌ಗೆ ನಡೆದಾಗ ಉಳಿದವರೆಲ್ಲ ಒಂದೊಂದು ಬೇಸ್ ಮುಂದೆ ಸರಿದು, ಒಬ್ಬ ರನ್ ಪೂರೈಸುತ್ತಾನೆ. ಅಲ್ಲಿ ಹೊಡೆತವೇ ಇಲ್ಲ. ನನಗೆ ಹಿಡಿಸಿದ್ದು ‘ಗಳಿಸಿಕೊಟ್ಟ ರನ್’. ‘ಗಳಿಸಿದ’ ಎಂದರೆ ತಾನೇ ಓಡಿ ಪೂರೈಸಿದ್ದು, ‘ಗಳಿಸಿಕೊಟ್ಟ’ ಎಂದರೆ ತಂಡಕ್ಕೆ ಒದಗಿಸಿದ್ದು. ಆದರೆ ಹೋಮ್ ರನ್ ಹೊಡೆದಾಗ ಅವನದೇ ರನ್ ಎರಡೂ ಪಟ್ಟಿಗೆ ಸೇರುತ್ತದೆ. ಆಗಲೂ ‘ಕೊಟ್ಟ’ ಎನ್ನುವುದು ಸರಿಹೊಂದೀತೇ, ಅಥವಾ ‘ತಂಡಕ್ಕೆ ತಂದ ರನ್’ ಮೇಲೇ?