ಮಗನಿಗೆ ಮೆಕ್ಯಾನಿಕಲ್: ದಮ್ಮಾಮ್‌ನ ಅಕ್ಕನಿಗೆ ಕಲಬುರಗಿಯಿಂದ ಉತ್ತರ

ಅಕ್ಕಾ, ಮಗನಿಗೆ ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದಿಸಬಹುದಾ, ಅವನ ಆಸಕ್ತಿ ನಿಜವೋ ಅಲ್ಲವೋ ಅಂತ ನೀವು ಕೇಳಿದಾಗಿನಿಂದ ನಮ್ಮ ಗುಂಪಿನಲ್ಲಿ ಎಲ್ಲರೂ ಸಂಬಳದ ಮಾತನ್ನೇ ಆಡುತ್ತಿದ್ದಾರೆ. ಫೀಸಿನ ಮಾತು ಯಾರೂ ಎತ್ತಲಿಲ್ಲ. ನಾನು ಸೌದಿಯ ಜುಬೈಲ್‌ನಿಂದ ರಜೆಗೆ ಕಲಬುರಗಿಗೆ ಬಂದಿದ್ದೇನೆ. ಇಲ್ಲಿ ಅಣ್ಣನ ಮಗನಿಗೂ ಮೆಕ್ಯಾನಿಕಲ್ಲೇ ಬೇಕಂತೆ. ದಿನಾ ರಾತ್ರಿ ಊಟ ಆದಮೇಲೆ ಮನೆಯಲ್ಲಿ ಇದೇ ಲೆಕ್ಕ.

ನಾನು ಇಲ್ಲಿನ ಪಿಡಿಎ ಕಾಲೇಜಿನಲ್ಲಿ ಮೆಕ್ಯಾನಿಕಲ್ ಓದಿದವನು. 1958ರ ಕಾಲೇಜು ಅದು. ಅಪ್ಪ ತೊಗರಿ ಮಾರಿದ ದುಡ್ಡಿನಲ್ಲೇ ನಾಲ್ಕೂ ವರ್ಷದ ಫೀಸು ಮುಗಿಯಿತು. ಮೊದಲ ಕೆಲಸ ವಾಡಿ ಕಡೆ ಒಂದು ಸಿಮೆಂಟ್ ಫ್ಯಾಕ್ಟರಿಯಲ್ಲಿ, ಕಿಲ್ನ್ ಅಂದರೆ ದೊಡ್ಡ ಕುಲುಮೆಯ ಮೆಂಟೆನೆನ್ಸ್. ಸಂಬಳ ಬಾಡಿಗೆಗೆ, ಊಟಕ್ಕೆ ಸರಿಹೋಗುತ್ತಿತ್ತು, ಅಷ್ಟೇ. ತಲೆ ಮೇಲೆ ಸಾಲ ಇರಲಿಲ್ಲ, ಅದಕ್ಕೇ ತಾಳಿಕೊಂಡೆ. ಆಮೇಲೆ ಗಲ್ಫ್‌ಗೆ ಬಂದೆ. ಎಪಿಐ (ಅಮೆರಿಕನ್ ಪೆಟ್ರೋಲಿಯಂ ಇನ್‌ಸ್ಟಿಟ್ಯೂಟ್) ನಡೆಸುವ 510, 570 ಅನ್ನುವ ಇನ್ಸ್‌ಪೆಕ್ಟರ್ ಪರೀಕ್ಷೆ ಪಾಸು ಮಾಡಿ ಪ್ರೆಶರ್ ವೆಸೆಲ್, ಪೈಪಿಂಗ್ ಇನ್ಸ್‌ಪೆಕ್ಷನ್‌ಗೆ ಹೋದೆ. ಆಗಲೇ ಕೈಯಲ್ಲಿ ನಾಲ್ಕು ಕಾಸು ನಿಂತಿದ್ದು. ಅಷ್ಟೊತ್ತಿಗೆ ನನಗೆ ಮೂವತ್ನಾಲ್ಕು. ಕಂಪ್ಯೂಟರ್ ಓದಿದ ಗೆಳೆಯರು ಅಷ್ಟು ದುಡ್ಡನ್ನು ಹತ್ತು ವರ್ಷ ಮೊದಲೇ ನೋಡಿದ್ದರು.

ನಮ್ಮ ಕೆಲಸದಲ್ಲಿ ದುಡ್ಡು ಬರುತ್ತದೆ, ಆದರೆ ನಿಧಾನ. ಸಾಲದ ಕಂತು ಮಾತ್ರ ಅಲ್ಲಿಯವರೆಗೆ ಕಾಯುವುದಿಲ್ಲ, ಅಲ್ವಾ?

ಅಣ್ಣ ಬೆಂಗಳೂರಿನ ಒಂದು ಕಾಲೇಜಿನಲ್ಲಿ ಮ್ಯಾನೇಜ್‌ಮೆಂಟ್ ಸೀಟು ವಿಚಾರಿಸಿದ್ದ. ಹಾಸ್ಟೆಲ್ ಸೇರಿ ನಾಲ್ಕು ವರ್ಷಕ್ಕೆ 20 ಲಕ್ಷ. ಅಷ್ಟನ್ನೂ ಸಾಲ ಮಾಡಿ, ಶೇ 10 ಬಡ್ಡಿಯಲ್ಲಿ ಹತ್ತು ವರ್ಷ ತೀರಿಸುತ್ತೇನೆ ಅಂದರೂ ತಿಂಗಳ ಕಂತು 26 ಸಾವಿರ ದಾಟುತ್ತದೆ. ಓದುವಾಗಿನ ಬಡ್ಡಿ ಬೇರೆ. ನಮ್ಮ ಓಣಿಯ ಮೂವರು ಹುಡುಗರು ಹೋದ ವರ್ಷ ಮೆಕ್ಯಾನಿಕಲ್ ಮುಗಿಸಿದರು. ಅವರಿಗೆ ಸಿಕ್ಕ ಸಂಬಳ 18ರಿಂದ 25 ಸಾವಿರ. ಹುಡುಗ ಕಾಗದದ ಮೇಲಿನ ಲೆಕ್ಕ ನೋಡಿ, “ಕಾಕಾ, ಹಂಗಾದ್ರ ಪಗಾರೆಲ್ಲಾ ಬ್ಯಾಂಕಿಗೇ ಹೋಗ್ತದಲ್ಲ?” ಅಂದ. ಅಣ್ಣ ಆ ಕಾಲೇಜಿನ ಮಾತು ಮತ್ತೆ ತೆಗೆಯಲಿಲ್ಲ.

ಈಗ ಸಿಇಟಿ ದಾರಿ ಹಿಡಿದಿದ್ದೇವೆ. ಸಂವಿಧಾನದ 371(ಜೆ) ವಿಧಿ ಪ್ರಕಾರ ನಮ್ಮ ಕಲ್ಯಾಣ ಕರ್ನಾಟಕ ಭಾಗದ ಕಾಲೇಜುಗಳಲ್ಲಿ ಶೇ 70 ಸೀಟು ಇಲ್ಲಿನವರಿಗೇ ಮೀಸಲು. ನೂಕುನುಗ್ಗಲೆಲ್ಲ ಕಂಪ್ಯೂಟರ್ ಸೈನ್ಸ್‌ಗೆ. ಮೆಕ್ಯಾನಿಕಲ್‌ಗೆ ಅಷ್ಟು ಪೈಪೋಟಿ ಇಲ್ಲ. ಪಿಡಿಎ ಸಿಗದಿದ್ದರೆ ಬೀದರ್, ಭಾಲ್ಕಿಯಲ್ಲೂ ಕಾಲೇಜುಗಳಿವೆ. ಅಣ್ಣನ ಮಗನ ಆಸೆ ಮುಂದೆ ಜರ್ಮನಿಯಲ್ಲಿ ಎಂಎಸ್. ಅಲ್ಲಿನ ಹೆಚ್ಚಿನ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬೋಧನಾ ಶುಲ್ಕ ಇಲ್ಲ. ವೀಸಾಕ್ಕೆ ಒಂದು ವರ್ಷದ ಖರ್ಚು ಅಂತ ಖಾತೆಯಲ್ಲಿ ದುಡ್ಡು ತೋರಿಸಬೇಕು, 2025ರಲ್ಲಿ ಅದು 11,904 ಯೂರೋ ಇತ್ತು. ಆ ದುಡ್ಡು ತಿಂಗಳು ತಿಂಗಳು ಅವನ ಊಟ, ಬಾಡಿಗೆಗೇ ವಾಪಸ್ ಬರುತ್ತದೆ. ಬಿಇ ಇಲ್ಲಿ ಕಡಿಮೆಯಲ್ಲಿ ಮುಗಿದರೆ ಅಷ್ಟನ್ನು ಹೊಂದಿಸಬಹುದು.

ಇನ್ನು ನಿಮ್ಮ ಮಗನ ವಿಷಯ. ಇದನ್ನು ಗಲ್ಫ್‌ನಲ್ಲಿರುವ ಎಲ್ಲರೂ ಓದಿ. ಕೇಂದ್ರ ಸರ್ಕಾರದ ಎಂಜಿನಿಯರಿಂಗ್ ಕಾಲೇಜುಗಳಾದ ಎನ್‌ಐಟಿಗಳಿಗೆ ಹೊರದೇಶದ ಮಕ್ಕಳು ಡಾಸಾ ಯೋಜನೆಯಲ್ಲಿ ಸೇರುತ್ತಾರೆ. ಜೆಇಇ ಮೇನ್ ರ‍್ಯಾಂಕ್ ಬೇಕು. ಅದರ ಫೀಸು ವರ್ಷಕ್ಕೆ 8,000 ಡಾಲರ್. ಆದರೆ ಅದರೊಳಗೇ ಸಿಐಡಬ್ಲ್ಯೂಜಿ ಅಂತ ಇನ್ನೊಂದು ದಾರಿ ಇದೆ, ಗಲ್ಫ್‌ನಲ್ಲಿ ದುಡಿಯುವ ಭಾರತೀಯರ ಮಕ್ಕಳಿಗಾಗಿಯೇ. ಅವರಿಗೆ ಬೋಧನಾ ಶುಲ್ಕ ಇಲ್ಲಿನ ಮಕ್ಕಳಷ್ಟೇ, ವರ್ಷಕ್ಕೆ 1.25 ಲಕ್ಷ ರೂಪಾಯಿ. ನಾಲ್ಕು ವರ್ಷಕ್ಕೆ 5 ಲಕ್ಷ. ಡಾಸಾ ಲೆಕ್ಕದಲ್ಲಿ ಹೋದರೆ 27 ಲಕ್ಷದ ಮೇಲಾಗುತ್ತದೆ. ಕೂರುವುದು ಅದೇ ಸುರತ್ಕಲ್ ಎನ್‌ಐಟಿಯ ಅದೇ ಬೆಂಚಿನ ಮೇಲೆ! ನನ್ನ ಜೊತೆ ಕೆಲಸ ಮಾಡುವ ಒಬ್ಬರಿಗೆ ಇದು ಗೊತ್ತೇ ಇರಲಿಲ್ಲ. ಏಜೆಂಟ್ ಹೇಳಿದ ಕಡೆ ಎನ್‌ಆರ್‌ಐ ಸೀಟಿಗೆ ದುಡ್ಡು ಕಟ್ಟಿಬಿಟ್ಟರು. ನೆನೆಸಿಕೊಂಡರೆ ಈಗಲೂ ಹೊಟ್ಟೆ ಉರಿಯುತ್ತದೆ.

ಗುಂಪಿನಲ್ಲಿ ಡಲ್ಲಾಸ್ ಅಣ್ಣ ಹೇಳಿದ ವರ್ಷಕ್ಕೆ ಲಕ್ಷ ಡಾಲರ್ ಸಂಬಳದ ಮಾತು ಸುಳ್ಳಲ್ಲ. 2023ರಲ್ಲಿ ಅಮೆರಿಕದ ಮೆಕ್ಯಾನಿಕಲ್ ಎಂಜಿನಿಯರುಗಳ ಮಧ್ಯದ ಸಂಬಳ ವರ್ಷಕ್ಕೆ 99,510 ಡಾಲರ್, ಅಂದರೆ ಅರ್ಧ ಜನರಿಗೆ ಅದಕ್ಕಿಂತ ಹೆಚ್ಚು, ಅರ್ಧ ಜನರಿಗೆ ಕಡಿಮೆ. ಆದರೆ ಅದರಲ್ಲಿ ಇಪ್ಪತ್ತು ವರ್ಷ ಕೆಲಸ ಮಾಡಿದವರೂ ಸೇರಿದ್ದಾರೆ. ಇನ್ನೊಂದು ಮಾತು, ವಿಮಾನ, ರಕ್ಷಣೆ ಕಡೆಯ ಎಷ್ಟೋ ಕೆಲಸಗಳಿಗೆ ಪೌರತ್ವ ಅಥವಾ ಗ್ರೀನ್ ಕಾರ್ಡ್ ಕೇಳುತ್ತಾರೆ. ಡಲ್ಲಾಸ್ ಅಣ್ಣನ ಮಗಳು ಅಲ್ಲೇ ಹುಟ್ಟಿದವಳು. ತನ್ನ ರಾಜ್ಯದ ವಿಶ್ವವಿದ್ಯಾಲಯದಲ್ಲಿ ಕಡಿಮೆ ಫೀಸಿಗೆ ಓದುತ್ತಾಳೆ. ಅವಳಿಗೆ ಸರಿಹೋದದ್ದು, ವಿದೇಶಿ ವಿದ್ಯಾರ್ಥಿಯ ಫೀಸು ಕಟ್ಟಿ ವೀಸಾ ಲಾಟರಿಗೆ ಕಾಯುವ ನಮ್ಮ ಹುಡುಗರಿಗೆ ಸರಿಹೋಗುವುದಿಲ್ಲ.

ಆಸಕ್ತಿ ನಿಜವೋ ಅಲ್ಲವೋ ಅಂತ ಕೇಳಿದ್ದಿರಿ. ಮೊನ್ನೆ ಅಣ್ಣನ ಮಗನನ್ನು ಪರಿಚಯದವರ ದಾಲ್ ಮಿಲ್ಲಿಗೆ ಕರೆದುಕೊಂಡು ಹೋಗಿದ್ದೆ. ಕಾಳು ಮೇಲೆತ್ತುವ ಎಲಿವೇಟರ್‌ನ ಬೆಲ್ಟ್ ಜಾರುತ್ತಿತ್ತು. ಆ ಧೂಳು, ಸೆಕೆಯಲ್ಲಿ ಎರಡು ತಾಸು ನಿಂತು ಫಿಟ್ಟರ್ ಪಕ್ಕದಲ್ಲಿ ಸ್ಪ್ಯಾನರ್ ಕೊಡುತ್ತಾ ಇದ್ದ. ಮನೆಗೆ ಬಂದು ಪುಲ್ಲಿಯ ಚಿತ್ರ ಬರೆದು ತೋರಿಸಿದ. ನಿಮ್ಮ ಮಗನಿಗೂ ಒಂದು ದಿನ ವರ್ಕ್‌ಶಾಪ್ ತೋರಿಸಿ. ಮುಂದಿನ ವಾರ ಜುಬೈಲ್‌ಗೆ ವಾಪಸ್ ಬರುತ್ತೇನೆ. ಶುಕ್ರವಾರ ಫೋನ್ ಮಾಡಿ, ಫೋನು ಅವನ ಕೈಗೂ ಕೊಡಿ, ನಾನೇ ಮಾತಾಡುತ್ತೇನೆ.