ಗಾಜಿನ ಮೇಲಿನ ಹಳೇ ಫೋಟೊ, ಹಿಂದಿನ ಕಪ್ಪು ಉದುರುತ್ತಿದೆ

ಮಾಟುಂಗಾದವಳು:
ಅಜ್ಜಿಯ ಟ್ರಂಕಿನಲ್ಲಿ ಅಂಗೈ ಅಗಲದ ಗಾಜಿನ ಫೋಟೊ ಸಿಕ್ಕಿದೆ. ಪೇಟ ಸುತ್ತಿದ ಹಿರಿಯರೊಬ್ಬರು ಕುರ್ಚಿಯಲ್ಲಿ ಕೂತಿದ್ದಾರೆ. ಗಾಜಿನ ಹಿಂದೆ ಬಳಿದ ಕಪ್ಪು ಬಣ್ಣ ಚಕ್ಕೆಯೇಳುತ್ತಿದೆ, ಉದುರಿದ ಕಡೆ ಕೆನ್ನೆಯೆಲ್ಲ ಮಸುಕು. ಮುಖವೇ ಹೋಯ್ತಾ? ಕೋಟಿನ ಗುಂಡಿಗಳೂ ಉಲ್ಟಾ ಬದಿಗಿವೆ. ಸ್ಪಿರಿಟ್‌ನಲ್ಲಿ ಒರೆಸಲಾ?

ಪುಣೆ ಕ್ಯಾಮೆರಾ:
ದಯವಿಟ್ಟು ಒರೆಸಬೇಡಿ! ಸ್ಪಿರಿಟ್ ತಾಗಿದರೆ ಚಿತ್ರವನ್ನು ಹಿಡಿದಿಟ್ಟ ಕೊಲೋಡಿಯನ್ ಎಂಬ ಅಂಟಿನಂಥ ಪದರವೇ ಕರಗಬಹುದು. ನೀವು ಹೇಳೋದು ನೋಡಿದರೆ ಇದು ಆಂಬ್ರೊಟೈಪ್. 1851ರಲ್ಲಿ ಫ್ರೆಡರಿಕ್ ಸ್ಕಾಟ್ ಆರ್ಚರ್ ಪ್ರಕಟಿಸಿದ ವಿಧಾನದಿಂದ ಬಂದದ್ದು. ಗಾಜಿಗೆ ಕೊಲೋಡಿಯನ್ ಹೊಯ್ದು, ಬೆಳ್ಳಿಯ ದ್ರಾವಣದಲ್ಲಿ ಅದ್ದಿ, ಹಸಿ ಆರುವ ಮೊದಲೇ ಫೋಟೊ ತೆಗೆದು ತೊಳೆಯಬೇಕಿತ್ತು. ಅಸಲಿಗೆ ಅದು ತೆಳುವಾದ ನೆಗೆಟಿವ್. ಹಿಂದೆ ಕಪ್ಪು ಇದ್ದರೆ ಬೆಳ್ಳಿಯ ಭಾಗ ತಿಳಿಯಾಗಿ ಕಂಡು ಮುಖ ಮೂಡುತ್ತದೆ. ಹಾಗಾಗಿ ಮುಖ ಹೋಗಿಲ್ಲ, ಹಿನ್ನೆಲೆ ಮಾತ್ರ ಹೋಗಿದೆ. ಹಿಂದೆ ಕಪ್ಪು ಕಾಗದ ಹಿಡಿದು ನೋಡಿ, ಕೆನ್ನೆ ವಾಪಸ್ ಬರುತ್ತದೆ. ಕನ್ನಡಿಯಂತೆ ಎಡಬಲ ಅದಲುಬದಲಾಗುವುದೂ ಇದರಲ್ಲಿ ಮಾಮೂಲು, ಗುಂಡಿಯ ಕಥೆ ಅಷ್ಟೇ.

ಡೊಂಬಿವಲಿ:
ಚೋರ್ ಬಜಾರ್‌ನಲ್ಲಿ ಗಾಜಿನ ಫೋಟೊ ಅಂತ ಮಾರುವುದೆಲ್ಲ ಆಂಬ್ರೊಟೈಪ್ ಅಲ್ಲ, ಎಷ್ಟೋ ಬರೀ ಡ್ರೈ ಪ್ಲೇಟ್, ಅಂದರೆ ಒಣ ಲೇಪದ ಗಾಜಿನ ನೆಗೆಟಿವ್. ನಿಮ್ಮದು ಮನೆಯವರದ್ದೇ, ಜೋಪಾನ ಮಾಡಿ. ಅಂಚು ಮಾತ್ರ ಹಿಡಿಯಿರಿ. ಆಮ್ಲವಿಲ್ಲದ ಕಾಗದದಲ್ಲಿ ಸುತ್ತಿ ಗಟ್ಟಿ ಡಬ್ಬದಲ್ಲಿಡಿ. ಮುಂಬೈ ಮಳೆಗಾಲದ ತೇವ ಇದಕ್ಕೆ ದೊಡ್ಡ ಶತ್ರು, ಹೊರಗೋಡೆಗೆ ತಾಗಿದ ಕಪಾಟು ಬೇಡವೇ ಬೇಡ. ಕಪ್ಪು ಬಣ್ಣ ನೀವೇ ಬಳಿಯಬೇಡಿ. ಫೋರ್ಟ್‌ನ ಛತ್ರಪತಿ ಶಿವಾಜಿ ಮಹಾರಾಜ ವಸ್ತುಸಂಗ್ರಹಾಲಯದಲ್ಲಿ ಸಂರಕ್ಷಣಾ ವಿಭಾಗ ಇದೆ, ಮೊದಲು ಅಲ್ಲಿ ವಿಚಾರಿಸಿ.

ಮಾಟುಂಗಾದವಳು:
ಕಪ್ಪು ಕಾಗದ ಇಟ್ಟೆ. ಕೆನ್ನೆ, ಮೀಸೆ ಎಲ್ಲ ಬಂತು! ಅಮ್ಮನಿಗೆ ಈಗಲೇ ತೋರಿಸುತ್ತೇನೆ.