ಚಿಂಕ್ವೆ ತೆರ್ರೆಯಲ್ಲಿ ಮೂರು ರಾತ್ರಿ: ಅತ್ತೆಗೆ ಮಂಡಿನೋವು, ಯಾವ ಊರಿನಲ್ಲಿ ಉಳಿಯೋದು?

ಪ್ರಶ್ನೆ (ಮೈಸೂರಿನ ಸದಸ್ಯೆ): ನಮಸ್ಕಾರ ಮೇಡಂ. ನೀವು ಇಟಲಿ ಪ್ರವಾಸ ಏರ್ಪಡಿಸುವವರು ಅಂತ ಗ್ರೂಪಿನಲ್ಲಿ ಹೇಳಿದರು, ಅದಕ್ಕೆ ಕೇಳುತ್ತಿದ್ದೇನೆ. ಮೇ ಎರಡನೇ ವಾರ ನಾನು, ಯಜಮಾನರು, ಹತ್ತು ವರ್ಷದ ಮಗಳು, ನಮ್ಮ ಅತ್ತೆ, ನಾಲ್ಕು ಜನ ಹೊರಟಿದ್ದೇವೆ. ಅತ್ತೆಗೆ 71. ಮಂಡಿನೋವಿದೆ. ಸಮತಟ್ಟಾದ ಜಾಗದಲ್ಲಾದರೆ ನಿಧಾನವಾಗಿ ಅರ್ಧ ಗಂಟೆ ನಡೆಯುತ್ತಾರೆ. ಸಮುದ್ರದ ಹತ್ತಿರ ಇರಬೇಕು ಅಂತ ಅವರಿಗೇ ಜಾಸ್ತಿ ಆಸೆ. ಮಿಲಾನಿನಿಂದ ಚಿಂಕ್ವೆ ತೆರ್ರೆಗೆ ಬಂದು ಮೂರು ರಾತ್ರಿ ಇದ್ದು, ಆಮೇಲೆ ಫ್ಲಾರೆನ್ಸಿಗೆ ಹೋಗುವುದು. ವೆರ್ನಾತ್ಸಾದಲ್ಲಿ ಒಂದು ಮನೆ ನೋಡಿದ್ದೇವೆ, ಕಿಟಕಿ ತೆಗೆದರೆ ಕೆಳಗೇ ಬಂದರು. ಒಂದು ದಿನ ಐದೂ ಊರು, ಒಂದು ದಿನ ಪೋರ್ತೊಫಿನೊ, ಒಂದು ದಿನ ಪೀಸಾ. ಸರಿಯಿದೆಯಾ? ನಾವು ಸಸ್ಯಾಹಾರಿಗಳು, ಮೊಟ್ಟೆಯೂ ತಿನ್ನುವುದಿಲ್ಲ.

ಉತ್ತರ: ನಮಸ್ಕಾರ. ಅತ್ತೆಯವರನ್ನು ಜೊತೆಗೆ ಕರೆದುಕೊಂಡು ಹೋಗುತ್ತಿದ್ದೀರಿ, ಓದಿ ಖುಷಿಯಾಯಿತು. ಆದರೆ ಈ ಪ್ಲಾನ್ ಬೇಡ. ಮೊದಲು ಉಳಿಯುವ ಊರನ್ನೇ ಬದಲಿಸಿ.

ಚಿಂಕ್ವೆ ತೆರ್ರೆ ಅಂದರೆ ಐದು ಊರು: ಮೊಂತೆರೊಸ್ಸೊ, ವೆರ್ನಾತ್ಸಾ, ಕೊರ್ನಿಲ್ಯಾ, ಮನರೋಲಾ, ರಿಯೊಮಜ್ಜೊರೆ. ಅಲ್ಲಿ ಗುಡ್ಡ ನೇರವಾಗಿ ಸಮುದ್ರಕ್ಕೆ ಇಳಿಯುತ್ತದೆ. ಆ ಇಳಿಜಾರಿನಲ್ಲೇ ಸಿಮೆಂಟು ಗಾರೆ ಏನೂ ಇಲ್ಲದೆ ಕಲ್ಲಿನ ಮೇಲೆ ಕಲ್ಲಿಟ್ಟು ಗೋಡೆ ಕಟ್ಟಿ ದ್ರಾಕ್ಷಿ ಬೆಳೆದ ಜನ ಅವರು. ಮನೆಗಳನ್ನೂ ಹಾಗೇ ಒಂದರ ಪಕ್ಕ ಒಂದು, ಕಿರಿದಾಗಿ, ಎತ್ತರವಾಗಿ ಕಟ್ಟಿಕೊಂಡಿದ್ದಾರೆ. ಒಳಗಿನ ಮೆಟ್ಟಿಲು ಒಬ್ಬರು ಹತ್ತುವಷ್ಟೇ ಅಗಲ. ಲಿಫ್ಟ್ ಇರುವ ಮನೆ ಸಿಗುವುದು ಅಪರೂಪ.

ಕಿಟಕಿಯಿಂದ ಬಂದರು ಕಾಣುತ್ತದೆ ಅಂದರೆ ಮನೆ ಮೇಲಿದೆ ಅಂತ ಅರ್ಥ. ಕೆಲವು ವರ್ಷಗಳ ಹಿಂದೆ ಧಾರವಾಡದ ಹಿರಿಯ ದಂಪತಿಗೆ ಇಂಥದ್ದೇ ಮನೆ ನಾನೇ ಬುಕ್ ಮಾಡಿಕೊಟ್ಟಿದ್ದೆ. ಫೋಟೋ ತುಂಬಾ ಚೆನ್ನಾಗಿತ್ತು. ಬೀದಿಯಿಂದ ಬಾಗಿಲಿಗೆ ಎಷ್ಟು ಮೆಟ್ಟಿಲು ಅಂತ ಮನೆಯವರು ಹೇಳಲಿಲ್ಲ, ನಾನೂ ಕೇಳಲಿಲ್ಲ. ಎಪ್ಪತ್ತಕ್ಕೂ ಜಾಸ್ತಿ ಇದ್ದವು. ಆ ಅಜ್ಜ ಮೊದಲ ದಿನ ಹತ್ತಿದವರು ಮತ್ತೆ ಕೆಳಗಿಳಿದದ್ದು ಊರು ಬಿಡುವ ದಿನವೇ. ಎರಡು ದಿನ ಕಿಟಕಿಯಿಂದಲೇ ಸಮುದ್ರ ನೋಡಿದರು. ಅದು ಇವತ್ತಿಗೂ ನನ್ನ ಮನಸ್ಸಿನಲ್ಲಿದೆ. ಅಂದಿನಿಂದ ಮನೆಯವರಿಗೆ ಎರಡು ಪ್ರಶ್ನೆ ಬರಹದಲ್ಲೇ ಕೇಳುತ್ತೇನೆ: ಲಿಫ್ಟ್ ಇದೆಯಾ? ರೈಲ್ವೆ ಸ್ಟೇಷನ್ನಿನಿಂದ ಹಾಸಿಗೆಯವರೆಗೆ ಒಟ್ಟು ಎಷ್ಟು ಮೆಟ್ಟಿಲು? ಜಾಹೀರಾತಿನಲ್ಲಿ ‘ಸೆನ್ಸಾ ಅಶೆನ್ಸೋರೆ’ ಅಂತ ಇದ್ದರೆ ಲಿಫ್ಟ್ ಇಲ್ಲ ಅಂತ.

ನಿಮಗೆ ನನ್ನ ಆಯ್ಕೆ ಲೆವಾಂತೊ. ಐದು ಊರಿನ ಲೆಕ್ಕಕ್ಕೆ ಅದು ಸೇರುವುದಿಲ್ಲ, ಆದರೆ ಮೊಂತೆರೊಸ್ಸೊಗೆ ರೈಲಿನಲ್ಲಿ ಐದಾರು ನಿಮಿಷ. ಕಣಿವೆಯ ತಳದಲ್ಲಿರುವ ಊರು, ಹಾಗಾಗಿ ಪೇಟೆ, ಸಮುದ್ರದ ದಡ ಎಲ್ಲ ಸಮತಟ್ಟು. ಲಿಫ್ಟ್ ಇರುವ ಹೋಟೆಲುಗಳಿವೆ, ಬಾಡಿಗೆಯೂ ಸಾಮಾನ್ಯವಾಗಿ ಕಡಿಮೆ. ಸ್ಟೇಷನ್ನಿನಿಂದ ದಡಕ್ಕೆ ಹತ್ತು ಹದಿನೈದು ನಿಮಿಷದ ನಡಿಗೆ. ಬಿಳಿ ಅಮೃತಶಿಲೆ, ಕಡುಹಸಿರು ಕಲ್ಲು ಪಟ್ಟೆಪಟ್ಟೆಯಾಗಿ ಕೂರಿಸಿದ ಸಂತ ಆಂಡ್ರೆಯಾ ಚರ್ಚ್ ಇದೆ, 13ನೇ ಶತಮಾನದ್ದು. ಹಳೆಯ ರೈಲು ದಾರಿಯನ್ನೇ ಸೈಕಲ್ ದಾರಿ ಮಾಡಿದ್ದಾರೆ, ಸುರಂಗಗಳ ಮೂಲಕ ಬೊನಾಸ್ಸೊಲಾ ದಾಟಿ ಫ್ರಮೂರಾವರೆಗೆ ಹೋಗುತ್ತದೆ. ಸೈಕಲ್ ಬಾಡಿಗೆಗೆ ಸಿಗುತ್ತದೆ. ಮಗಳಿಗೆ ಬೇರೇನೂ ಬೇಡ, ಇದೊಂದು ಸಾಕು.

ಲೆವಾಂತೊ ಸಿಗದಿದ್ದರೆ ಮೊಂತೆರೊಸ್ಸೊದ ಫೆಜಿನಾ ಭಾಗ ನೋಡಿ. ಅಲ್ಲಿ ಸ್ಟೇಷನ್ ಇಳಿದರೆ ಎದುರೇ ಸಮುದ್ರ.

ಪ್ರಶ್ನೆ (ಮೈಸೂರಿನ ಸದಸ್ಯೆ): ಮೇಡಂ, ಮೆಟ್ಟಿಲಿನ ವಿಷಯ ನಮಗೆ ಹೊಳೆದೇ ಇರಲಿಲ್ಲ. ಈಗಲೇ ಕೇಳಿದೆ, ಆ ಮನೆ ಮೂರನೇ ಮಹಡಿಯಂತೆ, ಲಿಫ್ಟ್ ಇಲ್ಲವಂತೆ. ಬಿಟ್ಟೆವು. ಆದರೆ ಅಷ್ಟು ದೂರ ಹೋಗಿ ಐದೂ ಊರು ನೋಡದೆ ಬರೋದಾ?

ಉತ್ತರ: ಐದನ್ನೂ ಒಂದೇ ದಿನ ನೋಡಿದವರನ್ನು ಸಂಜೆ ಕೇಳಿದರೆ ಯಾವ ಊರು ಯಾವುದು ಅಂತ ಹೇಳಲಾರರು. ಮೂರು ಜಾಗ ಸಾಕು. ಉಳಿದದ್ದನ್ನು ನೀವಿಬ್ಬರೂ ಮಗಳೂ ಬೇಕಾದರೆ ನೋಡಿ, ಅತ್ತೆಯವರನ್ನು ಎಳೆದುಕೊಂಡು ಹೋಗಬೇಡಿ.

ವೆರ್ನಾತ್ಸಾಗೆ ಬೆಳಿಗ್ಗೆ 8ರೊಳಗೆ ಹೊರಡಿ. ಹಡಗಿನಲ್ಲಿ, ಬಸ್ಸಿನಲ್ಲಿ ಬರುವ ಗುಂಪುಗಳು 10ರಿಂದ 4ರವರೆಗೆ ತುಂಬಿಕೊಳ್ಳುತ್ತವೆ. ಆಗ ಅಲ್ಲಿನ ಒಂದೇ ಬೀದಿಯಲ್ಲಿ ನಿಧಾನವಾಗಿ ನಡೆಯುವವರಿಗೆ ತುಂಬಾ ಕಷ್ಟ. ಬೆಳಿಗ್ಗೆಯಾದರೆ ಸ್ಟೇಷನ್ನಿನಿಂದ ಬಂದರಿನವರೆಗೆ ಸಣ್ಣ ಇಳಿಜಾರು, ಅಷ್ಟೇ. 2011ರ ಅಕ್ಟೋಬರ್ 25ರಂದು ಮಳೆಗೆ ಗುಡ್ಡ ಜರಿದು ಇದೇ ಬೀದಿ ಮಣ್ಣಿನಲ್ಲಿ ಹೂತುಹೋಗಿತ್ತು, ಮೊಂತೆರೊಸ್ಸೊ ಕೂಡ. ಊರಿನವರು ಅದನ್ನೆಲ್ಲ ತೆಗೆದು ಮತ್ತೆ ಎದ್ದು ನಿಂತರು. ಅಲ್ಲಿ ನಡೆಯುವಾಗ ಮಗಳಿಗೆ ಇದನ್ನು ಹೇಳಿ.

ಮೊಂತೆರೊಸ್ಸೊ ಸುಲಭ, ಸಮುದ್ರದ ಪಕ್ಕದ ದಾರಿ, ಒಂದು ಚಿಕ್ಕ ಸುರಂಗ, ಅದರಾಚೆ ಹಳೇ ಪೇಟೆ. ಮೂರನೆಯದು ರಿಯೊಮಜ್ಜೊರೆಯಿಂದ ಮನರೋಲಾಗೆ ಹೋಗುವ ‘ವಿಯಾ ದೆಲ್ಲಮೋರೆ’, ಬಂಡೆಯ ಅಂಚಿನಲ್ಲಿ ಸಮುದ್ರದ ಮೇಲೆಯೇ ಹೋಗುವ ದಾರಿ. 2012ರಲ್ಲಿ ಕಲ್ಲು ಕುಸಿದು ಮುಚ್ಚಿದ್ದರು, 2024ರಲ್ಲಿ ತೆರೆದರು. ಒಂದು ಕಿಲೋಮೀಟರಿಗಿಂತ ಕಡಿಮೆ, ಹೆಚ್ಚು ಏರಿಳಿತ ಇಲ್ಲ. ಅತ್ತೆಯವರು ಆರಾಮಾಗಿ ನಡೆಯಬಹುದಾದ ದಾರಿ ಅದು. ಅದಕ್ಕೆ ಬೇರೆ ಟಿಕೆಟ್ ಇದೆ, ಸಮಯ ಮುಂಚೆಯೇ ಕಾಯ್ದಿರಿಸಬೇಕು.

ಕೊರ್ನಿಲ್ಯಾ ಬಂಡೆಯ ತಲೆಯ ಮೇಲಿದೆ. ಸ್ಟೇಷನ್ನಿನಿಂದ 380ರಷ್ಟು ಮೆಟ್ಟಿಲು, ಅಥವಾ ಚಿಕ್ಕ ಬಸ್ಸು. ದೋಣಿ ಪ್ರಯಾಣವೂ ಇದೆ, ಆದರೆ ಹತ್ತುವುದು ಅಲುಗಾಡುವ ಕಿರಿದಾದ ಹಲಗೆಯ ಮೇಲೆ. ಮಂಡಿನೋವಿದ್ದವರನ್ನು ನಾನು ಹತ್ತಿಸುವುದಿಲ್ಲ.

ಪೋರ್ತೊಫಿನೊ ಬಿಡಿ. ಅಲ್ಲಿಗೆ ನೇರ ರೈಲಿಲ್ಲ, ಸಾಂತಾ ಮರ್ಗೆರೀತಾದಲ್ಲಿ ಇಳಿದು ಬಸ್ಸು ಹಿಡಿಯಬೇಕು. ಪೀಸಾಗೆ ಅಂತ ಬೇರೆ ದಿನ ಬೇಡವೇ ಬೇಡ. ನೀವು ಫ್ಲಾರೆನ್ಸಿಗೆ ಹೋಗುವ ದಾರಿಯಲ್ಲೇ ಅದು ಸಿಗುತ್ತದೆ. ಸ್ಟೇಷನ್ನಿನಲ್ಲಿ ಲಗೇಜ್ ಇಟ್ಟು, ಬಸ್ಸಿನಲ್ಲಿ ಹೋಗಿ ಗೋಪುರ ನೋಡಿ, ಮುಂದಿನ ರೈಲು ಹತ್ತಿ. ಹೀಗೆ ನಿಮಗೆ ಒಂದಿಡೀ ದಿನ ಉಳಿಯಿತು. ಆ ದಿನ ಲೆವಾಂತೊದ ದಡದಲ್ಲೇ ಇರಿ.

ರೈಲಿಗೆ ‘ಚಿಂಕ್ವೆ ತೆರ್ರೆ ತ್ರೆನೊ’ ಕಾರ್ಡ್ ಕೊಳ್ಳಿ. ಲೆವಾಂತೊದಿಂದ, ಐದೂ ಊರು ದಾಟಿ ಸಿಗುವ ಲಾ ಸ್ಪೆತ್ಸಿಯಾ ಪಟ್ಟಣದವರೆಗೆ, ಇಡೀ ದಿನ ಎಷ್ಟು ಸಲ ಬೇಕಾದರೂ ಹತ್ತಿ ಇಳಿಯಬಹುದು. ಬೆಲೆ ದಿನ ನೋಡಿಕೊಂಡು ಬದಲಾಗುತ್ತದೆ. ಬಿಡಿ ಟಿಕೆಟ್ಟಾದರೆ ಒಂದೇ ಸ್ಟಾಪ್ ಹೋದರೂ ಪೂರ್ತಿ ದರ, ಆದ್ದರಿಂದ ಮೂರು ನಾಲ್ಕು ಸಲ ಹತ್ತಿ ಇಳಿಯುವ ದಿನಕ್ಕೆ ಮಾತ್ರ ಕಾರ್ಡ್ ಲಾಭ. ಅತ್ತೆಗೆ 70 ದಾಟಿದೆ, ಮಗಳು ಚಿಕ್ಕವಳು, ಇಬ್ಬರಿಗೂ ಕಡಿಮೆ ದರದ ಕಾರ್ಡ್ ಕೇಳಿ. ಕಾಗದದ ಟಿಕೆಟ್ ಆದರೆ ರೈಲು ಹತ್ತುವ ಮುಂಚೆ ಪ್ಲಾಟ್‌ಫಾರ್ಮಿನ ಯಂತ್ರದಲ್ಲಿ ಮುದ್ರೆ ಹಾಕಿಸಿ. ಮರೆತರೆ ದಂಡ. ಗೊತ್ತಿರಲಿಲ್ಲ ಅಂದರೂ ಬಿಡುವುದಿಲ್ಲ.

ಇನ್ನೊಂದು ಮಾತು. ವೆರ್ನಾತ್ಸಾದಲ್ಲಿ ರೈಲಿನ ಕೆಲವು ಬೋಗಿ ಸುರಂಗದ ಒಳಗೇ ನಿಲ್ಲುತ್ತವೆ. ಹೊರಗೆ ಕತ್ತಲೆ ಕಂಡು, ಊರು ಇನ್ನೂ ಬಂದಿಲ್ಲ ಅಂತ ಸುಮ್ನೆ ಕೂತವರು ಎಷ್ಟೋ ಜನ. ಹೆಸರು ಕೂಗಿದ ಕೂಡಲೇ ಎದ್ದು ಬಾಗಿಲಿನ ಗುಂಡಿ ಒತ್ತಿ. ಕತ್ತಲಲ್ಲೇ ಇಳಿದು ಬೆಳಕಿನ ಕಡೆ ನಡೆಯಬೇಕು. ಆಗ ಅತ್ತೆಯವರ ಕೈ ಹಿಡಿದುಕೊಳ್ಳಿ.

ಪ್ರಶ್ನೆ (ಮೈಸೂರಿನ ಸದಸ್ಯೆ): ಊಟದ್ದೇ ಚಿಂತೆ. ಅತ್ತೆ ಮೂರು ದಿನ ಬ್ರೆಡ್ಡಿನಲ್ಲೇ ಕಳೆಯುತ್ತೇನೆ ಅಂತಿದ್ದಾರೆ. ಮನೆಯಿಂದ ಏನೇನು ಒಯ್ಯಬಹುದು?

ಉತ್ತರ: ಅವರಿಗೆ ಹೇಳಿ, ಅಲ್ಲಿ ಕಡಲೆಹಿಟ್ಟಿನ ದೋಸೆ ಸಿಗುತ್ತದೆ! ಹೆಸರು ಫರಿನಾತಾ. ಕಡಲೆಹಿಟ್ಟು, ನೀರು, ಉಪ್ಪು, ಆಲಿವ್ ಎಣ್ಣೆ, ಇಷ್ಟೇ. ಹಿಟ್ಟನ್ನು ಕಲಸಿ ಗಂಟೆಗಟ್ಟಲೆ ನೆನೆಯಲು ಬಿಡುತ್ತಾರೆ. ಆಮೇಲೆ ಕಲಾಯಿ ಹಾಕಿದ ದೊಡ್ಡ ತಾಮ್ರದ ತಟ್ಟೆಯಲ್ಲಿ ತೆಳ್ಳಗೆ ಸುರಿದು ಸೌದೆ ಒಲೆಯೊಳಗೆ ತಳ್ಳುತ್ತಾರೆ. ಹೊರಗೆ ಬಂದಾಗ ಮೇಲೆ ಕಂದು ಕಲೆಗಳು, ಅಂಚು ಗರಿಗರಿ, ನಡುವೆ ಮೆತ್ತಗೆ. ಮೇಲೆ ಕಾಳುಮೆಣಸಿನ ಪುಡಿ ಉದುರಿಸಿ, ತುಂಡು ಮಾಡಿ ಕಾಗದದಲ್ಲಿ ಕೊಡುತ್ತಾರೆ. ಬಿಸಿಬಿಸಿ ತಿನ್ನಬೇಕು. ನಿಮ್ಮ ಚಟ್ನಿಪುಡಿ ಜೊತೆಗಿದ್ದರೆ ಅತ್ತೆ ಇನ್ನೊಂದು ತುಂಡು ಕೇಳುತ್ತಾರೆ.

ಫೊಕಾಚ್ಚಾ ರೊಟ್ಟಿ ಎಲ್ಲ ಕಡೆ ಇದೆ, ಈರುಳ್ಳಿ ಹಾಕಿದ್ದು ಚೆನ್ನಾಗಿರುತ್ತದೆ. ಬೇಸಿಲ್ ಎಲೆ ಅರೆದು ಮಾಡುವ ಪೆಸ್ತೊ ಚಟ್ನಿ ಹುಟ್ಟಿದ್ದೇ ಈ ಲಿಗೂರಿಯಾ ಕರಾವಳಿಯಲ್ಲಿ. ಆದರೆ ಅದಕ್ಕೆ ಪರ್ಮಿಜಾನೊ ಚೀಸ್ ಬೀಳುತ್ತದೆ, ಆ ಚೀಸ್ ಮಾಡುವಾಗ ಹಾಲು ಒಡೆಸಲು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಹಾಕುತ್ತಾರೆ. ಇದನ್ನು ಮೊದಲೇ ಹೇಳುವುದು ನನ್ನ ಕರ್ತವ್ಯ, ತಿನ್ನುವುದು ಬಿಡುವುದು ನಿಮ್ಮ ಮನೆಯ ತೀರ್ಮಾನ. ಬೇಡವಾದರೆ ‘ಸೆನ್ಸಾ ಫೊರ್ಮಾಜ್ಜೊ’, ಅಂದರೆ ಚೀಸ್ ಬೇಡ, ಅನ್ನಿ. ಮರಿನಾರಾ ಪಿಜ್ಜಾಕ್ಕೆ ಚೀಸ್ ಇಲ್ಲ, ಟೊಮೇಟೊ, ಬೆಳ್ಳುಳ್ಳಿ, ಎಣ್ಣೆ, ಒರೆಗಾನೊ ಸೊಪ್ಪು, ಅಷ್ಟೇ. ಒಣ ಪಾಸ್ತಾಕ್ಕೆ ಸಾಮಾನ್ಯವಾಗಿ ಮೊಟ್ಟೆ ಹಾಕುವುದಿಲ್ಲ, ತಾಜಾ ಪಾಸ್ತಾ ಆದರೆ ಕೇಳಿಯೇ ತಗೊಳ್ಳಿ. ಮೊಂತೆರೊಸ್ಸೊ ‘ಅಚ್ಚೂಗೆ’ ಅನ್ನುವ ಚಿಕ್ಕ ಮೀನಿಗೆ ಹೆಸರಾದ ಊರು, ಅದನ್ನು ಎಲ್ಲೆಲ್ಲೋ ಸೇರಿಸಿಬಿಡುತ್ತಾರೆ. ‘ನಿಯೆಂತೆ ಕಾರ್ನೆ, ನಿಯೆಂತೆ ಪೆಶ್ಶೆ, ನಿಯೆಂತೆ ಅಚ್ಚೂಗೆ’ ಅಂತ ಚೀಟಿ ಬರೆದಿಟ್ಟುಕೊಂಡು ತೋರಿಸಿ. ಮಾಂಸ ಬೇಡ, ಮೀನು ಬೇಡ, ಆ ಚಿಕ್ಕ ಮೀನೂ ಬೇಡ ಅಂತ ಅದರ ಅರ್ಥ.

ಅಡುಗೆಮನೆ ಇರುವ ಮನೆ ಹಿಡಿದರೆ ಒಂದು ಹೊತ್ತು ಅನ್ನ ಮಾಡಿಕೊಳ್ಳಬಹುದು. ಅಕ್ಕಿ, ಮೊಸರು, ತರಕಾರಿ ಅಲ್ಲೇ ಸಿಗುತ್ತವೆ. ಮನೆಯಿಂದ ಚಟ್ನಿಪುಡಿ, ಸಾರಿನಪುಡಿ, ಅವಲಕ್ಕಿ ತಗೊಂಡು ಹೋಗಿ. ತುಪ್ಪ, ಪೇಡ ಬೇಡ, ಹೊರಗಿನಿಂದ ಹಾಲಿನ ಪದಾರ್ಥ ತರಲು ಯುರೋಪಿನಲ್ಲಿ ಬಿಡುವುದಿಲ್ಲ. ಹಸಿ ಕರಿಬೇವೂ ಬೇಡ.

ರಾತ್ರಿ ಊಟದ ಹೋಟೆಲು 7:30ಕ್ಕೆ ಮುಂಚೆ ತೆರೆಯುವುದು ಕಡಿಮೆ. ಅತ್ತೆಯವರ ಊಟದ ಹೊತ್ತು ಬೇಗ ಇದ್ದರೆ ಸಂಜೆ ಫರಿನಾತಾ ಅಂಗಡಿಯೇ ಒಳ್ಳೆಯದು. ಬಿಲ್ಲಿನಲ್ಲಿ ‘ಕೊಪೆರ್ತೊ’ ಅಂತ ತಲೆಗೆ ಒಂದೆರಡು ಯೂರೋ ಸೇರಿರುತ್ತದೆ. ಅದು ಮೋಸವಲ್ಲ, ಅಲ್ಲಿನ ಪದ್ಧತಿ.

ಪ್ರಶ್ನೆ (ಹುಬ್ಬಳ್ಳಿಯ ಸದಸ್ಯ): ನಮಸ್ಕಾರ ರೀ ಮೇಡಂ, ಇದನ್ನೆಲ್ಲ ಓದಿ ನಾವೂ ದಸರಾ ರಜೆಗೆ ಹೊರಡೋಣ ಅಂತ ಯೋಚನೆ ಮಾಡಿದ್ವಿ. ಅಕ್ಟೋಬರ್ ಆಗುತ್ತದಾ? ಇನ್ನೊಂದು, ಲೆವಾಂತೊದಲ್ಲಿ ಒಬ್ಬ ಮನೆಯವರು ಎಲ್ಲರ ಪಾಸ್‌ಪೋರ್ಟ್ ಫೋಟೋ ಕಳಿಸಿ, ಸೈಟ್ ಬಿಟ್ಟು ನೇರ ನಮ್ಮ ಖಾತೆಗೆ ದುಡ್ಡು ಹಾಕಿದರೆ ಕಡಿಮೆ ಮಾಡ್ತೀವಿ ಅಂತಾರೆ. ಹಾಕಲೇ?

ಉತ್ತರ: ದುಡ್ಡು ಹಾಕಬೇಡಿ ಸರ್. ಸೈಟಿನ ಹೊರಗೆ ಕೊಟ್ಟ ದುಡ್ಡು ಹೋದರೆ ಯಾರೂ ವಾಪಸ್ ಕೊಡಿಸುವುದಿಲ್ಲ. ಪಾಸ್‌ಪೋರ್ಟ್ ವಿವರ ಕೇಳುವುದು ಮಾತ್ರ ತಪ್ಪಲ್ಲ. ಬಂದವರ ವಿವರವನ್ನು 24 ಗಂಟೆಯೊಳಗೆ ಪೊಲೀಸರಿಗೆ ಕೊಡಬೇಕು ಅಂತ ಅಲ್ಲಿ ಕಾನೂನಿದೆ. ಅದನ್ನು ಅಲ್ಲಿ ತಲುಪಿದ ಮೇಲೆ ತೋರಿಸುತ್ತೇವೆ ಅನ್ನಿ. ಮತ್ತೆ ‘ಚಿನ್’ ಸಂಖ್ಯೆ ಕೇಳಿ. ಬಾಡಿಗೆಗೆ ಕೊಡುವ ಪ್ರತಿ ಮನೆಗೂ ಸರ್ಕಾರ ಕೊಡುವ ಗುರುತಿನ ಸಂಖ್ಯೆ ಅದು, 2025ರಿಂದ ಜಾಹೀರಾತಿನಲ್ಲೂ ಹಾಕಲೇಬೇಕು. ಅದು ಕೊಡದವರ ಮನೆ ನಾನಂತೂ ಹಿಡಿಯುವುದಿಲ್ಲ.

ಅಕ್ಟೋಬರ್ ಮೊದಲ ಎರಡು ವಾರ ಒಳ್ಳೆಯದು. ಬೇಸಿಗೆಯಿಡೀ ಕಾದ ನೀರು, ಮೇ ತಿಂಗಳಿಗಿಂತ ಬೆಚ್ಚಗಿರುತ್ತದೆ. ತಿಂಗಳ ಕೊನೆಗೆ ಹೋಗಬೇಡಿ, ಜೋರು ಮಳೆಯ ಕಾಲ ಅದು. ಬೆಟ್ಟದ ದಾರಿ ನಡೆಯುವುದಾದರೆ ಶೂ ಬೇಕೇ ಬೇಕು, ಚಪ್ಪಲಿಯಲ್ಲಿ ಹೋದರೆ ದಂಡ ಹಾಕುತ್ತಾರೆ.

ಇಟಲಿಗೆ ಬೇಕಾಗುವುದು ಷೆಂಗೆನ್ ವೀಸಾ, ಯುರೋಪಿನ ಹಲವು ದೇಶಗಳಿಗೆ ಅದೊಂದೇ ಸಾಕು; ಅದಕ್ಕೆ ಆರು ತಿಂಗಳ ಮುಂಚಿನಿಂದ ಅರ್ಜಿ ಹಾಕಬಹುದು, ದೊಡ್ಡವರಿಗೆ ಶುಲ್ಕ 90 ಯೂರೋ. 30,000 ಯೂರೋಗೆ ಕಡಿಮೆಯಿಲ್ಲದ ವಿಮೆ ಬೇಕು. ಜೂನ್‌ನಲ್ಲೇ ಕಾಗದಪತ್ರ ಜೋಡಿಸಿಕೊಳ್ಳಿ.

ಪ್ರಶ್ನೆ (ಮೈಸೂರಿನ ಸದಸ್ಯೆ): ಮೇಡಂ, ಲೆವಾಂತೊದಲ್ಲಿ ಹೋಟೆಲ್ ಬುಕ್ ಆಯಿತು. ಲಿಫ್ಟ್ ಇದೆ, ಬೀದಿಯಿಂದ ಎರಡೇ ಮೆಟ್ಟಿಲು ಅಂತ ಬರೆದು ಕಳಿಸಿದ್ದಾರೆ. ಅತ್ತೆ ಒಂದೇ ಒಂದು ಕೇಳಬೇಕಂತೆ: ನೀರಿಗೆ ಕಾಲು ಇಳಿಬಿಡಬಹುದಾ?

ಉತ್ತರ: ಖಂಡಿತ ಬಿಡಬಹುದು ಅಮ್ಮ. ದಡದಲ್ಲಿ ಮರಳೂ ಇದೆ, ಉರುಟು ಕಲ್ಲೂ ಇದೆ. ಬರಿಗಾಲಿಗೆ ಕಲ್ಲು ಒತ್ತುತ್ತದೆ, ನೀರಿಗೂ ಹಾಕಿಕೊಳ್ಳುವಂಥ ಮೆತ್ತನೆ ರಬ್ಬರ್ ಚಪ್ಪಲಿ ತನ್ನಿ. ಛತ್ರಿ ಕುರ್ಚಿ ಹಾಕಿರುವ ಕಡೆ ದುಡ್ಡು ಕೊಡಬೇಕು, ‘ಸ್ಪಿಯಾಜ್ಜಾ ಲಿಬೆರಾ’ ಅಂತ ಇರುವ ಕಡೆ ಬಿಟ್ಟಿ. ಒಂದು ದಿನ ಕುರ್ಚಿಗೇ ದುಡ್ಡು ಕೊಡಿ, ನೆಲದಿಂದ ಏಳುವ ಕಷ್ಟ ಇರುವುದಿಲ್ಲ. ಮೇ ತಿಂಗಳಲ್ಲಿ ರಾತ್ರಿ ಎಂಟೂವರೆಯಾದರೂ ಬೆಳಕಿರುತ್ತದೆ. ನೀರು ಮಾತ್ರ ತಣ್ಣಗೆ ಕೊರೆಯುತ್ತದೆ, ಮಧ್ಯಾಹ್ನ ಬಿಸಿಲೇರಿದ ಮೇಲೆ ಇಳಿಯಿರಿ. ಸಂಜೆಗೆ ಒಂದು ಸ್ವೆಟರ್ ಇರಲಿ.